ಬೆನ್ನಿನ ಮೇಲೆ ಒಂದು ವರ್ಷ

“ತಾಯಿ ಎಲ್ಲಿ?” ಎಂದು ನರ್ಸು ಕಾರ್ಡಿನಿಂದ ತಲೆಯೆತ್ತದೆ ಕೇಳಿದಳು. ಒಂಬತ್ತು ತಿಂಗಳಿಂದ ಪ್ರತಿ ತಿಂಗಳೂ ಇದೇ ಪ್ರಶ್ನೆ, ಇದೇ ತಕ್ಕಡಿಯ ಕೆಳಗೆ, ಬೆಂಚಿನ ಮೇಲೆ ಕೂತ ಇಪ್ಪತ್ತು ಹೆಂಗಸರಿಗೆ ಕೇಳಿಸುವ ಹಾಗೆ. ತಕ್ಕಡಿಯ ಕೊಕ್ಕೆಗೆ ಸಿಕ್ಕಿಸಿದ ಬಟ್ಟೆಯ ಚೀಲದಲ್ಲಿ ಕಾಟ್ಲೊ ಎರಡೂ ಕಾಲು ಇಳಿಬಿಟ್ಟು ನೇತಾಡುತ್ತ, ಅಳಬೇಕೋ ಬೇಡವೋ ಎಂದು ಅಜ್ಜಿಯ ಮುಖವನ್ನೇ ನೋಡುತ್ತಿದ್ದ. “ಫ್ರಾನ್ಸಿಸ್‌ಟೌನಿನಲ್ಲಿ ಓದ್ತಿದಾಳೆ,” ಎಂದಳು ಕೆಲೆಬೊನ್ಯೆ. “ಹಾಗಾದ್ರೆ ನೀವೇ ನೋಡ್ಕೊಳ್ಳೋದು. ನೋಡಿ ಅಜ್ಜಿ, ಹೋದ ತಿಂಗಳಿಗಿಂತ ಇನ್ನೂರು ಗ್ರಾಂ ಇಳಿದಿದೆ. ಏನು ತಿನ್ನಿಸ್ತೀರ ಮನೇಲಿ? ಬರೀ ಗಂಜಿನೀರಾ? ವಯಸ್ಸಾದವರ ಕೈಗೆ ಮಗು ಕೊಟ್ರೆ ಹೀಗೇ ಆಗೋದು.” ಕೆಲೆಬೊನ್ಯೆಗೆ ನಲವತ್ತೇಳು. ಹೋದ ವಾರವೆಲ್ಲ ಮಗುವಿಗೆ ನೆಗಡಿ, ಮೂಗು ಕಟ್ಟಿ ಹಾಲು ಸೇರುತ್ತಿರಲಿಲ್ಲ, ಎರಡು ದವಡೆಹಲ್ಲು ಒಟ್ಟಿಗೇ ಬರುತ್ತಿವೆ, ರಾಗಿಯಷ್ಟು ಬಿಳಿ ತುದಿ ಒಸಡಿನಲ್ಲಿ ಕಾಣುತ್ತಿದೆ, ಬೇಕಾದರೆ ಬಾಯಿ ತೆರೆದು ನೋಡು ಹುಡುಗಿ, ಎಂದು ಅವಳು ಹೇಳಬೇಕೆಂದುಕೊಂಡಳು. ಆದರೆ ಬಾಯಿಂದ ಹೊರಟದ್ದು “ಹೂಂ” ಎಂಬ ಒಂದೇ ಶಬ್ದ. ಆ ಹೂಂ ಹೊರಟ ಕೂಡಲೇ ನರ್ಸಿನ ಮೇಲಿದ್ದ ಸಿಟ್ಟೆಲ್ಲ ತಿರುಗಿ ಅವಳ ಮೇಲೆಯೇ ಬಿತ್ತು.

ಮಗುವನ್ನು ಬೆನ್ನಿಗೆ ಹಾಕಿಕೊಂಡು, ಬಟ್ಟೆಯನ್ನು ಎದೆಯ ಮೇಲೆ ಬಿಗಿದು ಗಂಟು ಹಾಕಿ, ಅವಳು ರೈಲುಹಳಿ ದಾಟಿ ಮನೆಯ ಕಡೆ ನಡೆದಳು. ಮಹಲಪ್ಯೆ ಊರಿನ ಮರಳು ಹತ್ತು ಗಂಟೆಗೇ ಚಪ್ಪಲಿಯನ್ನು ದಾಟಿ ಸುಡುತ್ತಿತ್ತು. ಬೆನ್ನಿನ ಮೇಲೆ ಬೆವರಿನ ಎರಡು ತೇವಗಳು ಒಂದಾಗಿ, ಯಾವ ಬೆವರು ಯಾರದೆಂದು ತಿಳಿಯದ ಹಾಗೆ ಅಂಟಿಕೊಂಡಿದ್ದವು. ಎದುರಿಗೆ ಬಂದ ಹೆಂಗಸರು ಅವಳನ್ನು ನೋಡಿ ನಗುತ್ತಿದ್ದರು. “ಏನು ಮ್ಮಾ-ಲೆಸೆಗೊ, ಮತ್ತೆ ಬಾಣಂತಿ ಆದ ಹಾಗಿದೆ!” ಅವಳು ಲೆಸೆಗೊಳ ತಾಯಿ, ಆದ್ದರಿಂದ ಮ್ಮಾ-ಲೆಸೆಗೊ. ಇಪ್ಪತ್ತೊಂದು ವರ್ಷದಿಂದ ಅದೇ ಹೆಸರು. ಕೆಲೆಬೊನ್ಯೆ ಎಂದು ಕರೆಯುತ್ತಿದ್ದ ಗಂಡ ತೀರಿಕೊಂಡು ಐದು ವರ್ಷವಾಯಿತು. ಆ ಲೆಸೆಗೊ, ಮಗು ಹುಟ್ಟುವ ಮೊದಲಿನ ಚಳಿಗಾಲದಲ್ಲಿ, ಬಸ್ಸಿಳಿದು ಬಂದು, ಹೊಲಿಗೆ ಯಂತ್ರದ ಪಕ್ಕ ನಿಂತು, ದೊಡ್ಡ ಕೋಟಿನ ಗುಂಡಿ ಬಿಚ್ಚಿದ್ದಳು. ಗುಂಡಿ ಬಿಚ್ಚಿ ಹೊಟ್ಟೆ ತೋರಿಸಿದಳು, ಅಷ್ಟೆ. ಕೆಲೆಬೊನ್ಯೆ ಕಾಲನ್ನು ಪೆಡಲಿನಿಂದ ತೆಗೆಯಲಿಲ್ಲ, ಶಾಲೆಯ ಹುಡುಗಿಯರ ನೀಲಿ ಲಂಗದ ಅಂಚನ್ನು ಕೊನೆಯವರೆಗೂ ಹೊಲಿದು, ದಾರ ಕಡಿದು, ಆಮೇಲೆ ಕೇಳಿದ್ದಳು, “ಎಷ್ಟು ತಿಂಗಳು?” ಆ ದಿನ ಅವಳು ಕೂಗಾಡಲಿಲ್ಲವೆಂದು ಊರೆಲ್ಲ ಹೊಗಳಿತು. ಅಣ್ಣ ಮೊಲೆಫಿ ಬಂದು, “ನೀನು ಕಣಮ್ಮ ನಿಜವಾದ ತಾಯಿ. ಬೇರೆಯವರಾಗಿದ್ರೆ ಮನೆಯಿಂದ ಹೊರಗೆ ಹಾಕ್ತಿದ್ರು,” ಎಂದಿದ್ದ. ಅವಳು ಅದಕ್ಕೂ ಹೂಂ ಎಂದಿದ್ದಳು. ಗಂಡು ಕಡೆಯವರು ಒಂದು ದಿನ ಬಂದು ಕುರ್ಚಿಯ ತುದಿಯಲ್ಲಿ ಕೂತು, ಹುಡುಗನಿಗೆ ಇನ್ನೂ ಓದು ಮುಗಿದಿಲ್ಲ ಎಂದು ಹೇಳಿ, ಶುಂಠಿ ಪಾನಕ ಕುಡಿದು ಹೋದರು. ಹುಡುಗನ ಓದು ಓದು, ಹುಡುಗಿಯ ಓದು ಓದು. ಓದಿಲ್ಲದವಳು ಒಬ್ಬಳೇ.

ಬಾಣಂತನದ ಮೂರು ತಿಂಗಳು ಅಂಗಳದ ಬಾಯಿಗೆ ಅಡ್ಡ ಕೊರಡು ಹಾಕಿತ್ತು. ಹೊರಗಿನವರು ಒಳಗೆ ಬರುವ ಹಾಗಿಲ್ಲ. ಜೋಳದ ಗಂಜಿ ಕಾಯಿಸಿದ್ದು ಅವಳು, ಬಟ್ಟೆ ಒಗೆದದ್ದು ಅವಳು, ಹಾಲು ಕಟ್ಟಿದ ಮಗಳ ಎದೆಗೆ ಬಿಸಿನೀರಿನ ಶಾಖ ಕೊಟ್ಟದ್ದು ಅವಳು. ಮಗಳು ಮಲಗಿರುತ್ತಿದ್ದಳು, ಫೋನಿನ ಬೆಳಕು ಕಂಬಳಿಯೊಳಗಿಂದ ಕಾಣುತ್ತಿತ್ತು. ನೂರನೆಯ ದಿನ ಲೆಸೆಗೊ ಎದೆಗೆ ಬಟ್ಟೆ ಬಿಗಿದುಕೊಂಡು, ಹಾಲು ಬತ್ತಲೆಂದು, ಬಸ್ಸು ಹತ್ತಿದಳು. “ಒಂದೇ ವರ್ಷ ಅಮ್ಮ. ಕಾಲೇಜು ಮುಗಿದ್ರೆ ನಾನೇ ಟೀಚರ್. ಆಮೇಲೆ ಇವನೂ ನೀನೂ ನನ್ನ ಜೊತೆ.” ಒಂದು ವರ್ಷವೆನ್ನುವುದನ್ನು ಹಾಗೆ ಬೆರಳೆತ್ತಿ ಹೇಳುವುದು ಸುಲಭ. ಬೆನ್ನ ಮೇಲೆ ಹೊತ್ತವಳಿಗೆ ಅದರಲ್ಲಿ ಎಷ್ಟು ಮಧ್ಯಾಹ್ನಗಳಿವೆಯೆಂದು ಗೊತ್ತು. ಹೊಲಿಗೆ ಮನೆಯಲ್ಲೇ ಇದ್ದುದರಿಂದ ಯಾರಿಗೂ ಅದು ಕೆಲಸವೆಂದು ಕಾಣುತ್ತಿರಲಿಲ್ಲ. “ನೀನು ಮನೇಲೇ ಇರ್ತೀಯಲ್ಲ” ಎನ್ನುವುದು ಅಕ್ಕನ ಮಾತು, ಅಣ್ಣನ ಮಾತು, ಚರ್ಚಿನ ಹೆಂಗಸರ ಮಾತು. ಜನವರಿಯಲ್ಲಿ ಶಾಲೆ ತೆರೆಯುವ ಹೊತ್ತಿಗೆ ಎಂಬತ್ತು ಲಂಗ ಕೊಡಬೇಕು. ಹರಿದಾಡಲು ಕಲಿತ ಕಾಟ್ಲೊ ಪೆಡಲಿನ ಕೆಳಗೆ ಕೈ ತೂರಿಸುತ್ತಾನೆ, ಬಿದ್ದ ಗುಂಡಿಯನ್ನು ಬಾಯಿಗೆ ಹಾಕಿಕೊಳ್ಳುತ್ತಾನೆ, ಯಂತ್ರ ನಿಂತರೆ ನಗುತ್ತಾನೆ, ನಡೆದರೆ ಅಳುತ್ತಾನೆ. ಆ ವರ್ಷ ನಲವತ್ತೆರಡೇ ಲಂಗ ಆದವು. ಉಳಿದವನ್ನು ಶಾಲೆಯವರು ಬೇರೆ ಊರಿನಿಂದ ತರಿಸಿಕೊಂಡರು. ಮುಂದಿನ ವರ್ಷದ ಮಾತನ್ನೇ ಎತ್ತಲಿಲ್ಲ.

ಆದರೆ ಎಲ್ಲದಕ್ಕಿಂತ ಒಳಗೆ, ಸಿಟ್ಟಿನ ತಳದಲ್ಲಿ, ಅವಳು ಯಾರಿಗೂ ಹೇಳದ ಒಂದು ಮಂಗಳವಾರವಿತ್ತು. ಮಗುವಿಗೆ ಏಳು ತಿಂಗಳು. ಗಂಡನ ಹಳೆಯ ಪಿಕಪ್ ವ್ಯಾನು ಹಿತ್ತಲಿನ ಮರದ ಕೆಳಗೆ ನಿಂತಲ್ಲೇ ನಿಂತಿತ್ತು. ತಾನೇ ಅದನ್ನು ಓಡಿಸಿಕೊಂಡು ಸುತ್ತಲ ಹಳ್ಳಿಯ ಶಾಲೆಗಳಿಗೆ ಬಟ್ಟೆ ಮುಟ್ಟಿಸಬೇಕೆಂದು, ಬಸುರಿನ ಸುದ್ದಿ ಬರುವುದಕ್ಕೂ ಮೊದಲೇ, ಅವಳು ಡ್ರೈವಿಂಗ್ ಕಲಿಯತೊಡಗಿದ್ದಳು. ಬಾಣಂತನಕ್ಕೆ ಬಿಟ್ಟದ್ದು ಬಿಟ್ಟಹಾಗೇ ಉಳಿದಿತ್ತು. ಆ ಮಂಗಳವಾರ ಡ್ರೈವಿಂಗ್ ಮೇಷ್ಟ್ರು ಫೋನು ಮಾಡಿ, “ಅಮ್ಮ, ಇವತ್ತು ಬಂದ್ರೆ ಸರಿ. ಇಲ್ಲದಿದ್ರೆ ನಿಮ್ಮ ಹೆಸರು ತೆಗೆದು ಬೇರೆಯವರನ್ನ ಹಾಕ್ತೀನಿ,” ಎಂದ. ಅಕ್ಕನಿಗೆ ಫೋನು ಮಾಡಿದರೆ ಸೊಂಟನೋವು. ಅಣ್ಣನ ಹೆಂಡತಿಗೆ ಸಾವಿನ ಮನೆ. ಮಗು ಆಗಷ್ಟೇ ಮಲಗಿತ್ತು, ಮಲಗಿದರೆ ಒಂದೂವರೆ ಗಂಟೆ ಏಳುತ್ತಿರಲಿಲ್ಲ. ಅವಳು ಚಾಪೆಯ ಸುತ್ತ ದಿಂಬು ಇಟ್ಟಳು, ನೀರಿನ ಬಕೆಟ್ಟನ್ನು ಹೊರಗಿಟ್ಟಳು, ಕತ್ತರಿಯನ್ನು ಮೇಲಿಟ್ಟಳು. ಎಲ್ಲವನ್ನೂ ನಿಧಾನವಾಗಿ, ತಿಳಿದೇ ಮಾಡಿದಳು. ಆಮೇಲೆ ಅವಳನ್ನು ಹಿಂಸಿಸಿದ್ದು ಅದೇ ನಿಧಾನ. ಹೊರಗಿಂದ ಬೀಗ ಹಾಕಿ ಹೋದಳು. ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಯಲ್ಲಿ ಅವಳು ಮೂರನೆಯ ಗೇರಿನಲ್ಲಿ ದೊಡ್ಡ ರಸ್ತೆಯಲ್ಲಿ ಹೋದಳು, ಕಿಟಕಿಯಿಂದ ಗಾಳಿ ಬಂತು, ಮೇಷ್ಟ್ರು “ಪರವಾಗಿಲ್ವೇ” ಎಂದ, ಮತ್ತು ಅವಳಿಗೆ ಒಂದು ಸಲವೂ ಮಗುವಿನ ನೆನಪಾಗಲಿಲ್ಲ. ಒಂದು ಸಲವೂ ಇಲ್ಲ. ತಿರುಗಿ ಬಂದಾಗ ಪಕ್ಕದ ಮನೆಯ ಮ್ಮಾ-ಪೂಸೊ ಕಿಟಕಿಯ ಸರಳು ಹಿಡಿದು ನಿಂತು, ಒಳಗೆ ಮುಖ ಮಾಡಿ ಹಾಡುತ್ತಿದ್ದಳು. ಹಾಡು ನಿಲ್ಲಿಸಿ, “ಬೀಗ ತೆಗಿ” ಎಂದಳು. ಒಳಗೆ ಕಾಟ್ಲೊ ಬಾಗಿಲಿನ ಹತ್ತಿರ ಕೂತಿದ್ದ. ಅಳುತ್ತಿರಲಿಲ್ಲ. ಅತ್ತು ಅತ್ತು ಗಂಟಲು ಕಟ್ಟಿ, ಬಾಯಿ ತೆರೆದರೆ ಕಾಗದ ಹರಿದಂಥ ಶಬ್ದ ಬರುತ್ತಿತ್ತು. ಮ್ಮಾ-ಪೂಸೊ ಇನ್ನೊಂದು ಮಾತಾಡದೆ ಹೋದಳು. ಮಾರನೆಯ ಬೆಳಿಗ್ಗೆ ಎರಡು ಮನೆಗಳ ನಡುವಿನ ಮೋಟುಗೋಡೆಯ ಮೇಲೆ, ಅವಳು ಬಸ್ ನಿಲ್ದಾಣದಲ್ಲಿ ಕರಿದು ಮಾರುವ ಹಿಟ್ಟಿನುಂಡೆ ಎರಡು, ಕಾಗದದಲ್ಲಿ ಸುತ್ತಿದ್ದು, ಬಿಸಿಬಿಸಿಯಾಗಿ ಇದ್ದವು. ಅಂದಿನಿಂದ ದಿನವೂ ಎರಡು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಆ ಎಣ್ಣೆಕಾಗದವನ್ನು ಕಂಡರೆ ಕೆಲೆಬೊನ್ಯೆಗೆ ಗೋಡೆಯಾಚೆ ಎಸೆಯಬೇಕೆನ್ನಿಸುತ್ತಿತ್ತು. ಆದರೂ ತಿನ್ನುತ್ತಿದ್ದಳು, ಒಂದನ್ನು ಹಾಲಿನಲ್ಲಿ ನೆನೆಸಿ ಮಗುವಿಗೂ ತಿನ್ನಿಸುತ್ತಿದ್ದಳು. ಡ್ರೈವಿಂಗಿಗೆ ಆಮೇಲೆ ಹೋಗಲಿಲ್ಲ.

ಆಸ್ಪತ್ರೆಗೆ ಹೋಗಿಬಂದ ಆ ಶುಕ್ರವಾರವೇ ಮಧ್ಯಾಹ್ನ ಲೆಸೆಗೊ ಬಂದಳು. ಮರುದಿನ ಮಗುವಿನ ಮೊದಲ ಹುಟ್ಟುಹಬ್ಬ. ಕೈಯಲ್ಲಿ ಕೇಕಿನ ಡಬ್ಬ, ಬಲೂನಿನ ಪೊಟ್ಟಣ, ತಲೆಗೆ ಹೊಸ ಜಡೆ. ಗೇಟಿನಿಂದಲೇ “ನನ್ನ ಚಿನ್ನ, ಬಾ ಅಮ್ಮನ ಹತ್ರ!” ಎಂದು ಕೈ ಚಾಚಿದಳು. ಕಾಟ್ಲೊ ಅವಳನ್ನು ನೋಡಿದ, ಕೇಕಿನ ಡಬ್ಬ ನೋಡಿದ, ಮುಖ ತಿರುಗಿಸಿ ಕೆಲೆಬೊನ್ಯೆಯ ಕುತ್ತಿಗೆಯಲ್ಲಿ ಹುದುಗಿ ಕಿಟಾರನೆ ಕಿರುಚಿದ. ಲೆಸೆಗೊಳ ಕೈ ಹಾಗೇ ಗಾಳಿಯಲ್ಲಿ ನಿಂತಿತು. ಆ ಕ್ಷಣ ಕೆಲೆಬೊನ್ಯೆಗೆ ಆದದ್ದು ಸಂತೋಷ, ಹೊಟ್ಟೆ ತುಂಬಿದಂಥ ಕೆಟ್ಟ ಸಂತೋಷ. ಅದನ್ನು ಮುಚ್ಚಿಕೊಳ್ಳಲು ಅವಳು ಮಗುವಿನ ಬೆನ್ನು ತಟ್ಟುತ್ತ, “ನಿದ್ದೆಗಣ್ಣು, ಅದಕ್ಕೆ,” ಎಂದಳು. ಮಗು ನಿದ್ದೆ ಮಾಡಿ ಎದ್ದು ಆಗಲೇ ಎರಡು ಗಂಟೆಯಾಗಿತ್ತು.

ಊಟವಾದ ಮೇಲೆ ಲೆಸೆಗೊ ಬಲೂನು ಊದುತ್ತ, ಊದುವುದರ ನಡುನಡುವೆ ಹೇಳಿದಳು. “ಅಮ್ಮ, ಸೋಮವಾರದಿಂದ ಶಾಲೇಲಿ ಪಾಠ ಮಾಡೋ ತರಬೇತಿ. ಒಂದು ವರ್ಷ. ಅದಾದ್ಮೇಲೇ ಸರ್ಟಿಫಿಕೇಟು.”

“ಒಂದು ವರ್ಷ ಅಂದಿದ್ದೆ. ಆಗ್ತಾ ಬಂತಲ್ಲ.”

“ಇನ್ನೊಂದೇ ವರ್ಷ ಅಮ್ಮ. ಅವನು ನಿನ್ನ ಎಷ್ಟು ಹಚ್ಕೊಂಡಿದಾನೆ ನೋಡು. ನನ್ನ ಹತ್ರ ಬರೋದೇ ಇಲ್ಲ.”

ಕೆಲೆಬೊನ್ಯೆಗೆ ಬಲೂನನ್ನು ಕಸಿದು ಒಡೆಯಬೇಕೆನ್ನಿಸಿತು. ತನ್ನ ಕೆಟ್ಟ ಸಂತೋಷವನ್ನು ಮಗಳು ಕಂಡುಹಿಡಿದು, ಅದನ್ನೇ ತನ್ನ ಕೊರಳಿಗೆ ಹಗ್ಗವಾಗಿ ಹಾಕುತ್ತಿದ್ದಾಳೆ. ಈ ಹುಡುಗಿ ಇಷ್ಟು ಜಾಣೆಯಾದದ್ದು ಯಾವಾಗ? ಅಥವಾ ಇದು ಜಾಣತನವಲ್ಲ, ಬರೀ ಆಸೆಯೋ? “ನಾಳೆ ಮಾವ ಬರ್ತಾರೆ, ಮಾತಾಡೋಣ,” ಎಂದಳು. ಲೆಸೆಗೊ ಗೆದ್ದವಳ ಹಾಗೆ ಬಲೂನಿಗೆ ದಾರ ಕಟ್ಟಿದಳು.

ಶನಿವಾರ ಮಧ್ಯಾಹ್ನಕ್ಕೆ ಅಣ್ಣ ಮೊಲೆಫಿ ಟೈ ಕಟ್ಟಿಕೊಂಡು ಬಂದ, ಅಕ್ಕ ಸೊಂಟ ಹಿಡಿದುಕೊಂಡು ಬಂದಳು. ಮ್ಮಾ-ಪೂಸೊ ಗೋಡೆ ದಾಟಿ ಬಂದು, ಕುಟ್ಟಿದ ಮಾಂಸದ ಪಾತ್ರೆಯನ್ನು ತಾನೇ ಇಳಿಸಿ, ಎಲ್ಲರಿಗೂ ಬಡಿಸಿದಳು. ಕಾಟ್ಲೊನನ್ನು ಕುರ್ಚಿಯ ಮೇಲೆ ಕೂರಿಸಿ, ಕೇಕನ್ನು ಮುಂದೆ ಇಟ್ಟು, ಹಿಂದೆ ಅಜ್ಜಿ ಬಗ್ಗಿ ಹಿಡಿದುಕೊಂಡು, ಮಗಳು ಪಕ್ಕದಲ್ಲಿ ನಿಂತು ಫೋಟೋ ತೆಗೆದರು. “ಅಮ್ಮ, ನೀನು ಸ್ವಲ್ಪ ಕೆಳಗೆ ಬಗ್ಗು, ಕೈ ಮಾತ್ರ ಕಾಣ್ಲಿ,” ಎಂದಳು ಲೆಸೆಗೊ. ಕೆಲೆಬೊನ್ಯೆ ಕುರ್ಚಿಯ ಹಿಂದೆ ಮಂಡಿಯೂರಿ, ಮಗುವಿನ ಎರಡು ಪಕ್ಕೆಗಳನ್ನು ಹಿಡಿದುಕೊಂಡು, ಕುರ್ಚಿಯ ಬೆನ್ನಿನ ಬಿರುಕನ್ನು ನೋಡುತ್ತ ಕೂತಿದ್ದಳು. ಮೇಲೆ ಎಲ್ಲರೂ ನಗುವುದು ಕೇಳುತ್ತಿತ್ತು. ಆರು ಫೋಟೋ. ಏಳನೆಯದಕ್ಕೆ ಅವಳ ಮಂಡಿ ನೋಯತೊಡಗಿತು. ಅವಳಿಗೆ ತಾನು ಇಲ್ಲಿಂದ ಎದ್ದರೆ ಏನಾದರೂ ಮಾಡಿಬಿಡುತ್ತೇನೆ ಎಂದು ಭಯವಾಯಿತು.

ಊಟದ ನಂತರ ಮೊಲೆಫಿ ಗಂಟಲು ಸರಿಮಾಡಿಕೊಂಡು ಎದ್ದ. “ಮಗು ತಾಯಿದಲ್ಲ, ಮನೆತನದ್ದು. ನನ್ನ ತಂಗಿ ಬಾಯಿ ಬಿಟ್ಟು ಒಂದು ಮಾತಾಡಿದವಳಲ್ಲ. ಇನ್ನೊಂದು ವರ್ಷ ಏನು, ಹತ್ತು ವರ್ಷ ಆದ್ರೂ ಈ ಬೆನ್ನು ಹೊರುತ್ತೆ. ಲೆಸೆಗೊ, ನೀನು ನಿಶ್ಚಿಂತೆಯಿಂದ ಹೋಗಿ ಬಾ.”

“ಬೇಡ,” ಎಂದಳು ಕೆಲೆಬೊನ್ಯೆ.

ಅಕ್ಕ ನಕ್ಕಳು. “ಏನು ಬೇಡ? ಕೇಕಾ?”

“ಮಗು ಬೇಡ. ನನ್ನ ಕೈಲಾಗಲ್ಲ. ಇವನು ಏಳು ತಿಂಗಳಿದ್ದಾಗ ಒಳಗೆ ಹಾಕಿ ಬೀಗ ಜಡಿದು ಹೋಗಿದ್ದೆ. ಕಾರು ಕಲಿಯೋಕೆ. ಮುಕ್ಕಾಲು ಗಂಟೆ. ಇವನು ಗಂಟಲು ಹರಿಯೋ ಹಾಗೆ ಅತ್ತ. ಬಿಟ್ಟು ಹೋದ್ರೆ ಮತ್ತೆ ಹೋಗ್ತೀನಿ. ಸುಳ್ಳು ಅನ್ನೋರು ಮ್ಮಾ-ಪೂಸೊನ ಕೇಳಿ, ಅವಳು ನೋಡಿದಾಳೆ.”

ಮೊಲೆಫಿಯ ಮುಖದಲ್ಲಿ ಏನೋ ಗಟ್ಟಿಯಾಯಿತು. ಎಲ್ಲರೂ ಮ್ಮಾ-ಪೂಸೊಳ ಕಡೆ ತಿರುಗಿದರು. ಅವಳು ಎಲುಬಿನಿಂದ ಮಾಂಸ ಬಿಡಿಸುತ್ತಿದ್ದವಳು, ಬಿಡಿಸಿದ್ದನ್ನು ಬಾಯಿಗೆ ಹಾಕಿಕೊಂಡು, ಅಗಿದು, ನುಂಗಿ, “ಇಲ್ಲಪ್ಪ,” ಎಂದಳು. “ನಾನೇನೂ ನೋಡಿಲ್ಲ. ಅವತ್ತು ಮಗು ನನ್ನ ಹತ್ರ ಬಿಟ್ಟು ಹೋಗಿದ್ಲು. ನಿದ್ದೆ ಕೆಟ್ಟು ಕೆಟ್ಟು ಏನೇನೋ ಅನ್ಕೋತಾಳೆ ಪಾಪ.” ಅಕ್ಕ ಮತ್ತೆ ನಕ್ಕಳು, ಮೊಲೆಫಿಯೂ ನಕ್ಕ, ಗಟ್ಟಿಯಾದದ್ದು ಸಡಿಲವಾಯಿತು. “ಎರಡು ದಿನ ಚೆನ್ನಾಗಿ ನಿದ್ದೆ ಮಾಡು ತಂಗಿ, ಎಲ್ಲ ಸರಿಹೋಗುತ್ತೆ.” ಕೆಲೆಬೊನ್ಯೆ ಐದು ತಿಂಗಳು ಒಳಗಿಟ್ಟುಕೊಂಡು ಕೊಳೆಯಿಸಿದ, ತನ್ನದೆನ್ನುವ ಒಂದೇ ಒಂದು ನಿಜವನ್ನು ಹೊರಗೆ ತೆಗೆದಿದ್ದಳು. ಅದನ್ನು ಮಾಂಸದ ಜೊತೆಗೆ ನುಂಗಿಬಿಟ್ಟರು. ತನಗೆ ಕೆಟ್ಟವಳಾಗುವ ಹಕ್ಕೂ ಇಲ್ಲ. ಒಳ್ಳೆಯವಳೆಂದು ಹಿಡಿದು ಕಟ್ಟಿಹಾಕುತ್ತಾರೆ. ನಗದವಳು ಲೆಸೆಗೊ ಒಬ್ಬಳೇ.

ಎಲ್ಲರೂ ಹೋದ ಮೇಲೆ ಅಂಗಳದ ನಲ್ಲಿಯ ಹತ್ತಿರ ತಟ್ಟೆ ತೊಳೆಯುತ್ತಿದ್ದಾಗ ಲೆಸೆಗೊ ಬಂದು ಕುಕ್ಕರಗಾಲಿನಲ್ಲಿ ಕೂತಳು. “ನಿಜ ತಾನೆ?”

“ಹೂಂ.”

“ತುಂಬ ಅತ್ತಿದ್ನಾ?”

“ಬಾಗಿಲ ಹತ್ರ ಕೂತಿದ್ದ. ಧ್ವನಿ ಹೋಗಿತ್ತು.”

ಲೆಸೆಗೊ ನಲ್ಲಿ ನಿಲ್ಲಿಸಿದಳು. ಅಳುತ್ತಾಳೆಂದು ಕೆಲೆಬೊನ್ಯೆ ತಿಳಿದಳು. ಅಳಲಿಲ್ಲ. “ನೀನು ಎಂಥವಳು ಅಮ್ಮ? ನಾನು ಬಂದು ನಿಂತಾಗ ಎಷ್ಟು ತಿಂಗಳು ಅಂದೆ, ಅಷ್ಟೆ. ಹೋಗ್ತೀನಿ ಅಂದಾಗ ಹೂಂ ಅಂದೆ. ಫೋನಲ್ಲಿ ಹೇಗಿದೀಯ ಅಂದ್ರೆ ಚೆನ್ನಾಗಿದೀನಿ ಅಂದೆ. ಒಂದ್ಸಲ ಬೇಡ ಅಂದಿದ್ರೆ ನಾನು ಒಂದು ವರ್ಷ ಓದು ಬಿಡ್ತಿದ್ದೆ. ಬೈಬಾರದಿತ್ತಾ ನನ್ನ? ಬೈಯೋದು ಬಿಟ್ಟು ಅವನನ್ನ ಕೂಡಿ ಹಾಕಿದ್ಯಲ್ಲ!”

“ನೀನು ಕೇಳಿದ್ದು ಹೂಂ ಅನ್ನಿಸೋಕೆ. ಬೇಡ ಅನ್ನಿಸೋಕಲ್ಲ.”

“ನಾಳೆ ಕರ್ಕೊಂಡು ಹೋಗ್ತೀನಿ.”

“ಎಲ್ಲಿ ಇಟ್ಕೋತೀಯ? ಶಾಲೆಗೆ ಹೋಗೋ ಹೊತ್ತಲ್ಲಿ ಯಾರು ನೋಡ್ಕೋತಾರೆ?”

“ಬೀಗದ ಕೈ ಕೊಟ್ಟು ಕಳ್ಸು,” ಎಂದಳು ಮಗಳು. ಆಮೇಲೆ, ತನ್ನ ಮಾತಿಗೆ ತಾನೇ ಬೆಚ್ಚಿ, “ಹಾಸ್ಟೆಲಿನ ಪಕ್ಕ ಒಬ್ಬರು ಮಕ್ಕಳನ್ನ ನೋಡ್ಕೋತಾರೆ. ಹೇಗೋ ಮಾಡ್ತೀನಿ,” ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಕೆಲೆಬೊನ್ಯೆ ಒದ್ದೆ ಕೈಯಲ್ಲಿ ಕೂತಿದ್ದಳು. ಇಷ್ಟು ಜನರಲ್ಲಿ ನಂಬಿದವಳು ಇವಳೊಬ್ಬಳು, ಮತ್ತು ಅವಳು ನಂಬಿದ್ದು ಕ್ಷಮಿಸುವುದಕ್ಕಲ್ಲ. ಅದೇ ಒಂದು ಬಗೆಯ ಮರ್ಯಾದೆಯೆನ್ನಿಸಿತು. ಮರ್ಯಾದೆಯೆನ್ನಿಸಿದ್ದಕ್ಕೆ ಮತ್ತೆ ಸಿಟ್ಟು ಬಂತು.

ಭಾನುವಾರ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಲೆಸೆಗೊಗೆ ಮಗುವನ್ನು ಬೆನ್ನಿಗೆ ಕಟ್ಟಲು ಬರಲಿಲ್ಲ. ಎರಡು ಸಲ ಕಟ್ಟಿದಳು, ಎರಡು ಸಲವೂ ಮಗು ಜಾರಿತು. ಕಿರುಚುತ್ತಿದ್ದ ಕಾಟ್ಲೊನನ್ನು ಕೆಲೆಬೊನ್ಯೆ ಎತ್ತಿ, ಮಗಳನ್ನು ಬಗ್ಗಿಸಿ, ಬೆನ್ನ ಮೇಲೆ ಒರಗಿಸಿ, ಬಟ್ಟೆಯನ್ನು ಮುಂದಕ್ಕೆ ತಂದು ಬಿಗಿದಳು. ಬೇಕಾದ್ದಕ್ಕಿಂತ ಹೆಚ್ಚೇ ಬಿಗಿದಳು. “ಉಸಿರು ಕಟ್ತಿದೆ ಅಮ್ಮ.” “ಕಟ್ಲಿ. ಸಡಿಲ ಇದ್ರೆ ಬೀಳ್ತಾನೆ. ದವಡೆಹಲ್ಲು ಬರ್ತಿದೆ, ಜ್ವರ ಬಂದ್ರೆ ಹೆದರ್ಬೇಡ. ಎಡಗಡೆ ಮಲಗಿಸಿದ್ರೇ ನಿದ್ದೆ ಮಾಡೋದು.” ಕಂಡಕ್ಟರು, “ಅಜ್ಜಿ, ನೀವೂ ಹತ್ತಿ, ಮಗು ಕಿವಿ ತೂತು ಮಾಡ್ತಿದೆ,” ಎಂದು ನಕ್ಕ. “ನಿನ್ನ ಕೆಲಸ ಬಾಗಿಲು ಮುಚ್ಚೋದು, ಮುಚ್ಚು,” ಎಂದಳು ಅವಳು. ಗಾಜಿನಾಚೆ ಮಗಳು ತಿರುಗಿ ನೋಡಲಿಲ್ಲ. ಬೆನ್ನ ಮೇಲಿದ್ದವನು ಮಾತ್ರ ಹಿಂದಕ್ಕೆ ತಿರುಗಿ, ಬಸ್ಸು ದೊಡ್ಡ ರಸ್ತೆಗೆ ಹೊರಳುವವರೆಗೂ ಬಾಯಿ ತೆರೆದುಕೊಂಡೇ ಇದ್ದ.

ಬೆನ್ನಿಗೆ ಗಾಳಿ ತಗುಲಿತು. ಬಸ್ಸಿನ ಜೊತೆ ಸಿಟ್ಟೂ ಹೋಗುತ್ತದೆಂದು ಅವಳು ಯಾಕೋ ನಂಬಿದ್ದಳು. ಹೋಗಿರಲಿಲ್ಲ, ಹೊರಲು ಬೇರೇನೂ ಇಲ್ಲದ್ದರಿಂದ ಇನ್ನೂ ಭಾರವಾಗಿತ್ತು. ನಿಲ್ದಾಣದ ತುದಿಯಲ್ಲಿ, ತಗಡಿನ ಚಪ್ಪರದ ಕೆಳಗೆ, ಮ್ಮಾ-ಪೂಸೊ ಬಾಣಲೆಗೆ ಹಿಟ್ಟಿನುಂಡೆ ಬಿಡುತ್ತಿದ್ದಳು. ಕೆಲೆಬೊನ್ಯೆ ನೇರವಾಗಿ ಹೋಗಿ ಅವಳೆದುರು ನಿಂತಳು.

“ಯಾಕೆ ಸುಳ್ಳು ಹೇಳಿದೆ?”

“ನಿನ್ನ ಅಣ್ಣನ ಮುಖ ನೋಡಿದ್ಯಾ? ಇನ್ನೊಂದು ಮಾತಾಗಿದ್ರೆ ಗಂಡಸರನ್ನೆಲ್ಲ ಸೇರಿಸಿ ನಿನ್ನನ್ನ ನಡುವೆ ಕೂರಿಸ್ತಿದ್ದ. ಅವರ ಮುಂದೆ ಹೇಳೋ ಮಾತಾ ಅದು?”

“ಅದು ನನ್ನ ಮಾತು. ನೀನು ಕಿತ್ಕೊಂಡೆ.”

“ಕಿತ್ಕೊಂಡೆ. ಈಗ ವಾಪಸ್ ಕೊಡು ಅಂದ್ರೆ ಎಲ್ಲಿಂದ ತರ್ಲಿ?” ಮ್ಮಾ-ಪೂಸೊ ಜಾಲರಿಯಿಂದ ಉಂಡೆಗಳನ್ನು ಮಗುಚಿದಳು. “ಅವತ್ತು ಕಿಟಕಿ ಒಡೆಯೋಕೆ ಕಲ್ಲು ಎತ್ಕೊಂಡಿದ್ದೆ, ಗೊತ್ತಾ? ನೀನು ಬರೋದು ಕಂಡಾಗ ಆ ಕಲ್ಲನ್ನ ನಿನ್ನ ತಲೆಗೇ ಹಾಕ್ಬೇಕು ಅನ್ನಿಸ್ತು. ಆಮೇಲೆ ನಿನ್ನ ಮುಖ ನೋಡಿದೆ. ನಮ್ಮ ಪೂಸೊ ಎಳೇ ಮಗು ಇದ್ದಾಗ ಅವನ ಕಾಲಿಗೆ ಹಗ್ಗ ಹಾಕಿ ಮಂಚಕ್ಕೆ ಕಟ್ಟಿ ಇಲ್ಲಿಗೆ ಬರ್ತಿದ್ದೆ. ಒಂದು ದಿನ ಅಲ್ಲ, ಒಂದು ಬೇಸಿಗೆ ಪೂರ್ತಿ. ನೀನೊಬ್ಳೇ ಅನ್ಕೊಂಡ್ಯಾ?”

“ಮತ್ತೆ ದಿನಾ ಎರಡು ಉಂಡೆ ಇಡ್ತಿದ್ದೆ ಯಾಕೆ? ನಾನು ಹಂಗಿನಲ್ಲಿರ್ಲಿ ಅಂತಾನಾ?”

“ಹಸಿದಿರ್ತೀಯ ಅಂತ. ಇನ್ನೇನು.” ಹಿಂದಿನಿಂದ ಗಿರಾಕಿಯೊಬ್ಬ ಕೆಮ್ಮಿದ. “ಬೈಯೋದಾದ್ರೆ ಈ ಕಡೆ ಬಂದು ನಿಂತ್ಕೊಂಡು ಬೈ. ಅಡ್ಡ ನಿಂತ್ರೆ ವ್ಯಾಪಾರ ಆಗಲ್ಲ.”

ಕೆಲೆಬೊನ್ಯೆ ಆ ಕಡೆ ಹೋಗಿ ನಿಂತಳು. ನಿಂತು, ಬೈದಳು. ಮೊದಲು ಮ್ಮಾ-ಪೂಸೊಳನ್ನು, ಅವಳ ಉಂಡೆಗಳನ್ನು, ಅವಳ ಹಾಡನ್ನು. ಆಮೇಲೆ ಅಜ್ಜಿ ಎಂದ ನರ್ಸನ್ನು, ಪಾನಕ ಕುಡಿದು ಹೋದ ಗಂಡುಕಡೆಯವರನ್ನು, ಅಕ್ಕನ ಸೊಂಟವನ್ನು, ಅಣ್ಣನ ಟೈಯನ್ನು. ಅಷ್ಟು ಬೇಗ ಸತ್ತ ಗಂಡನನ್ನು. ಬಸ್ಸಿನಲ್ಲಿ ಕೂತು ಈಗ ಎಲ್ಲಿಯವರೆಗೆ ಹೋಗಿದ್ದಾಳೋ ಆ ಮಗಳನ್ನು, ಕಟ್ಟಲೂ ಬಾರದ ಅವಳ ಕೈಯನ್ನು. ಬಾಗಿಲ ಹತ್ತಿರ ಕೂತು ಅತ್ತವನನ್ನು ಕೂಡ. ಧ್ವನಿ ಏರಿತು. ಬಸ್ಸಿಗೆ ಕಾದಿದ್ದವರು ತಿರುಗಿ ನೋಡಿದರು, ಒಬ್ಬಳು ಮಗುವಿನ ಕಿವಿ ಮುಚ್ಚಿದಳು. ಮ್ಮಾ-ಪೂಸೊ ಉಂಡೆ ಮಗುಚುತ್ತ, ಕಾಗದ ಸುತ್ತುತ್ತ, ಚಿಲ್ಲರೆ ಕೊಡುತ್ತ, ನಡುನಡುವೆ “ಆಮೇಲೆ?” ಎನ್ನುತ್ತಿದ್ದಳು. ಹನ್ನೊಂದು ಗಂಟೆಗೆ ಹಿಟ್ಟು ಮುಗಿಯಿತು. ಬೈಗುಳ ಮುಗಿದಿರಲಿಲ್ಲ. ಮ್ಮಾ-ಪೂಸೊ ಒಲೆಗೆ ಮರಳು ಎರಚಿ, ಖಾಲಿ ಬಕೆಟ್ಟನ್ನು ಬೋರಲು ಹಾಕಿ, ಅದರ ಮೇಲೆ ಕೂತು, ಕುತ್ತಿಗೆಗೆ ಮೇಲುಬಟ್ಟೆಯಿಂದ ಗಾಳಿ ಹಾಕಿಕೊಳ್ಳುತ್ತ, “ಹಾಂ, ಈಗ ಹೇಳು,” ಎಂದಳು.